ಪಟ್ಟಿಯಕ್ಕನ ಕೈಗಳು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಹಿಂಬಾಗಿಲಿನ ದೀಪ ಉರಿಯುತ್ತಲೇ ಇದೆ. ಚರ್ಮರೋಗ ವಿಭಾಗದ ಕೊನೆಯ ಕೋಣೆಯಲ್ಲಿ ಹೆಂಗಸೊಬ್ಬರು ಎರಡೂ ಕಂಕುಳಲ್ಲಿ ಔಷಧಿಯ ಸಿರಿಂಜುಗಳನ್ನು ಅವುಚಿಕೊಂಡು ಸ್ಟೂಲಿನ ಮೇಲೆ ಅಲ್ಲಾಡದೆ ಕುಳಿತಿದ್ದಾರೆ. ಸೂಜಿಯಿಲ್ಲದ ಆ ಸಿರಿಂಜುಗಳಲ್ಲಿರುವುದು ಮುಲಾಮು. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದು ಗಟ್ಟಿಯಾಗಿರುತ್ತದೆ, ಒತ್ತಿದರೆ ಹೊರಗೆ ಬರುವುದಿಲ್ಲ. ಬಿಸಿನೀರಿಗೆ ಹಾಕಿದರೆ ಕರಗಿ ಕೆಡುತ್ತದೆ.

“ಮೈ ಬಿಸಿಯೇ ಇದಕ್ಕೆ ಸರಿ,” ಎನ್ನುತ್ತಾರೆ, ಪೇಪರಿಗೆ ಬರೆಯಲು ಬಂದ ನನ್ನ ಕಡೆ ನೋಡಿ. “ಕೋಳಿ ಕಾವಿಗೆ ಕೂತ ಹಾಗೆ ಕೂತಿದಾಳೆ ಅಂತ ನಗ್ತಾ ಇದೀರಲ್ಲ ಅಮ್ಮಾ? ನಗಿ, ಪರವಾಗಿಲ್ಲ. ಡಾಕ್ಟರಮ್ಮನೂ ಮೊದಲನೇ ದಿನ ನಕ್ಕಿದ್ರು.”

ರೋಗಿಗಳು ಈಕೆಯನ್ನು ಪಟ್ಟಿಯಕ್ಕ ಎಂದು ಕರೆಯುತ್ತಾರೆ. ಬೆನ್ನಿಗೆ ಪಟ್ಟಿ ಅಂಟಿಸುವುದು ಈಕೆಯ ಕೆಲಸ. ಗಾಯಕ್ಕೆಂದು, ತುರಿಕೆಗೆಂದು, ಕಣ್ಣಿನ ಉರಿಗೆಂದು ಹಚ್ಚಿಕೊಂಡ ಔಷಧಿಯೇ ಕೆಲವರ ಮೈಗೆ ಒಗ್ಗುವುದಿಲ್ಲ. ಚರ್ಮ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ನೀರೊಸರುತ್ತದೆ. ರೋಗ ಜಾಸ್ತಿಯಾಯಿತೆಂದು ಅವರು ಅದೇ ಔಷಧಿಯನ್ನು ಇನ್ನಷ್ಟು ಹಚ್ಚುತ್ತಾರೆ. ಹಾಗೆ ವರ್ಷಗಟ್ಟಲೆ ನರಳಿ, ಕಂಡ ಕಂಡ ಡಾಕ್ಟರ ಬಾಗಿಲು ತಟ್ಟಿ, ಕೊನೆಗೆ ಈ ಕೋಣೆಗೆ ಬರುತ್ತಾರೆ.

ಇಲ್ಲಿ ಅಂಗಿಯ ಗುಂಡಿಗಿಂತ ಚಿಕ್ಕದಾದ ಲೋಹದ ತಟ್ಟೆಗಳು ಸಾಲಾಗಿರುವ ಅಂಟುಪಟ್ಟಿಗಳಿವೆ. ಒಂದೊಂದು ತಟ್ಟೆಗೂ ಒಂದೊಂದು ಔಷಧಿಯನ್ನು ಮೆಣಸಿನ ಕಾಳಿನಷ್ಟು ಹಾಕಿ, ಪಟ್ಟಿಯನ್ನು ಬೆನ್ನಿಗೆ ಅಂಟಿಸಬೇಕು. ಎರಡು ದಿನ ಸ್ನಾನವಿಲ್ಲ, ಬೆವರುವ ಕೆಲಸವಿಲ್ಲ. ಆಮೇಲೆ ಪಟ್ಟಿ ಕಿತ್ತಾಗ ಯಾವ ತಟ್ಟೆಯ ಕೆಳಗೆ ಚರ್ಮ ಕೆಂಪಾಗಿ ಉಬ್ಬಿದೆಯೋ ಆ ಔಷಧಿ ಆ ಮೈಗೆ ಆಗದು. ಕೆಲವು ಮೈಗಳು ನಿಧಾನ. ಅಂಥವರು ಮತ್ತೆ ಬಂದು ಬೆನ್ನು ತೋರಿಸಬೇಕು.

ಪಟ್ಟಿಯಕ್ಕ ಪಟ್ಟಿಯನ್ನು ನೇರವಾಗಿ ಅಂಟಿಸುವುದಿಲ್ಲ. ಮೊದಲು ತಮ್ಮ ಅಂಗೈಯನ್ನು ರೋಗಿಯ ಬೆನ್ನಿಗೆ ಒತ್ತಿ ಹಿಡಿಯುತ್ತಾರೆ. ಬೆನ್ನು ಒಮ್ಮೆ ಬೆಚ್ಚಿ, ಆಮೇಲೆ ಸಡಿಲವಾಗುತ್ತದೆ. ಸಡಿಲವಾದ ಮೇಲೆಯೇ ಪಟ್ಟಿ. ಬೆನ್ನು ಬಿಟ್ಟುಕೊಂಡು ಕೂರುವ ಹೆಂಗಸರಿಗೆ ಮುಜುಗರವಾಗದಿರಲೆಂದು ಸ್ಟೂಲನ್ನು ಬಾಗಿಲಿನ ಕಡೆಯಿಂದ ಕಿಟಕಿಯ ಕಡೆಗೆ ತಿರುಗಿಸಿಟ್ಟವರೂ ಈಕೆಯೇ. ಕಿಟಕಿಯಾಚೆ ಒಂದು ನೀರಿನ ಟ್ಯಾಂಕು, ಅದರ ಮೇಲೆ ಕೂರುವ ಪಾರಿವಾಳಗಳು. ನೋಡಲು ಅಂಥದ್ದೇನಿಲ್ಲ. ಆದರೆ ಗೋಡೆ ನೋಡುವುದಕ್ಕಿಂತ ಎಷ್ಟೋ ವಾಸಿ.

“ಊರಲ್ಲಿರೋರ ಬೆನ್ನೆಲ್ಲಾ ನಂಗೆ ಗೊತ್ತು, ಮುಖ ಗೊತ್ತಿಲ್ಲ,” ಎಂದು ನಗುತ್ತಾರೆ. “ಬಸ್ಸಲ್ಲಿ ಯಾರಾದ್ರೂ ‘ಚೆನ್ನಾಗಿದೀರಾ ಅಕ್ಕಾ’ ಅಂದ್ರೆ, ಸ್ವಲ್ಪ ಆ ಕಡೆ ತಿರುಗಿ ನಿಲ್ಲಪ್ಪಾ, ಯಾರು ಅಂತ ಹೇಳ್ತೀನಿ ಅನ್ನೋಣ ಅನ್ಸುತ್ತೆ.”

ಪಟ್ಟಿ ಅಂಟಿಸುವ ಮೊದಲು ಒಂದು ಪ್ರಶ್ನೆ ಇರುತ್ತದೆ. ಮನೆಯಲ್ಲಿ ಮೈಗೆ ಹಚ್ಚುವುದೆಲ್ಲವನ್ನೂ ತನ್ನಿ ಎಂದು ಮೊದಲೇ ಹೇಳಿ ಕಳಿಸಿರುತ್ತಾರೆ. ಜನ ಚೀಲದಲ್ಲಿ ಟ್ಯೂಬು, ಡಬ್ಬಿ, ಎಣ್ಣೆ ಶೀಶೆ ತುಂಬಿಕೊಂಡು ಬರುತ್ತಾರೆ. ಪಟ್ಟಿಯಕ್ಕ ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಇಟ್ಟು ಮುಗಿದ ಮೇಲೆ ತಲೆ ಎತ್ತದೆ ಕೇಳುತ್ತಾರೆ: “ಇಷ್ಟೇನಾ?”

ನಾನು ಹೋಗಿದ್ದ ಒಂದು ದಿನ ಕಾಲಿನಲ್ಲಿ ಮಾಯದ ಹುಣ್ಣಿದ್ದ ಮುದುಕರೊಬ್ಬರು ಬಂದಿದ್ದರು. ಹಳೆಯ ಕಾಲದ ಗಡಿಯಾರ ರಿಪೇರಿಯವರು. ಜೊತೆಗೆ ಹೆಂಡತಿ. ಮೇಜಿನ ಮೇಲೆ ಟ್ಯೂಬುಗಳ ಸಾಲೇ ಇತ್ತು.

“ಇಷ್ಟೇನಾ?”

“ಇಷ್ಟೇ ಕಣಮ್ಮ,” ಎಂದರು ಮುದುಕರು.

ಪಟ್ಟಿಯಕ್ಕ ಹೆಂಡತಿಯ ಕಡೆ ತಿರುಗಿ, “ಅಮ್ಮಾ, ನಿಮ್ಮ ಹತ್ರ?” ಎಂದರು.

ಆಕೆ ಗಂಡನ ಮುಖ ನೋಡಿದರು. ಆಮೇಲೆ ಪರ್ಸಿನಿಂದ ಅರ್ಧ ಸುರುಳಿಯಾದ ಒಂದು ಟ್ಯೂಬು ತೆಗೆದರು. “ಇದು ಔಷಧಿ ಅಲ್ಲಮ್ಮ. ನಮ್ಮ ಮಗಳು ಹೆರಿಗೆಗೆ ಬಂದಾಗ ತಂದಿದ್ದು. ಅವರು ಮಲಗಿದ ಮೇಲೆ ಸ್ವಲ್ಪ ಹಚ್ತೀನಿ ಅಷ್ಟೇ.”

“ನಂಗೇ ಗೊತ್ತಿಲ್ದೆ?” ಎಂದರು ಮುದುಕರು.

“ನಿಮಗೆ ಏನು ತಾನೇ ಗೊತ್ತಾಗುತ್ತೆ? ಗೊರಕೆ ಹೊಡೀತಿರ್ತೀರಿ.”

ಎರಡು ದಿನಗಳ ಮೇಲೆ ಪಟ್ಟಿ ಕಿತ್ತಾಗ ಆ ಟ್ಯೂಬಿನ ತಟ್ಟೆಯ ಜಾಗವೇ ಕೆಂಪಗೆ ಉಬ್ಬಿತ್ತು. ಡಾಕ್ಟರಮ್ಮ ಅದನ್ನು ಹೇಳುತ್ತಿದ್ದಂತೆ ಹೆಂಡತಿಯ ಮುಖ ಬಾಡಿತು. ಆಕೆ ತನ್ನ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದರು. ಪಟ್ಟಿಯಕ್ಕ ಹೋಗಿ ಆ ಕೈ ಹಿಡಿದುಕೊಂಡರು. “ತಪ್ಪು ಔಷಧಿಯದ್ದಮ್ಮ, ಕೈಯದ್ದಲ್ಲ,” ಎಂದರು. ಈ ಮಾತನ್ನು ಈ ಕೋಣೆಯಲ್ಲಿ ಬಹಳ ಸಲ ಹೇಳಿದ್ದಾರೆ.

“ಪ್ರತಿಯೊಬ್ರೂ ಒಂದು ಬಿಟ್ಟೇ ಬಂದಿರ್ತಾರೆ,” ಎನ್ನುತ್ತಾರೆ ಆಮೇಲೆ, ಮೇಜು ಒರೆಸುತ್ತಾ. “ಮರೆತು ಬಿಡೋದಲ್ಲ. ಅದರಲ್ಲಿ ಯಾರದೋ ಕೈ ಇರುತ್ತೆ. ಅಮ್ಮ ಕೊಟ್ಟಿದ್ದು, ಹೆಂಡ್ತಿ ಹಚ್ಚೋದು. ಅದರ ಮೇಲೆ ಅನುಮಾನ ಪಡೋಕೆ ಯಾರಿಗೂ ಮನಸ್ಸು ಬರಲ್ಲ.”

ಮೇಜು ಒರೆಸುವ ಆ ಕೈಗಳನ್ನು ನಾನು ಆಗಲೇ ಸರಿಯಾಗಿ ನೋಡಿದ್ದು. ಬೆರಳ ಸಂದುಗಳಲ್ಲಿ ಚರ್ಮ ಒಡೆದು ಕೆಂಪಗೆ ಬಾಯಿ ಬಿಟ್ಟಿತ್ತು. ಮುಂಗೈ ಮೇಲೆ ಒಣಗಿದ ಹಕ್ಕಳೆ, ಅದರ ಪಕ್ಕದಲ್ಲೇ ಹೊಸ ನೀರ್ಗುಳ್ಳೆ. ಕೈಗವಸು ಹಾಕಿಕೊಳ್ಳುವಾಗ ತುಟಿ ಕಚ್ಚುತ್ತಿದ್ದರು.

ಪಟ್ಟಿಯಕ್ಕ ಈ ಆಸ್ಪತ್ರೆಗೆ ಬಂದದ್ದು ನೆಲ ಒರೆಸಲು. ಮದುವೆಯಾದ ಹೊಸತು. ಗಂಡ ಲಾರಿ ಓಡಿಸುತ್ತಾರೆ. ಇವತ್ತಿಗೂ ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಕೆಲವು ವರ್ಷ ನೆಲ ಒರೆಸಿ, ಆಮೇಲೆ ವಾರ್ಡಿನ ಆಯಾ ಆಗಿ, ಈ ಕೋಣೆಯಲ್ಲಿದ್ದ ಅಟೆಂಡರ್ ನಿವೃತ್ತರಾದ ಮೇಲೆ ಇಲ್ಲಿಗೆ ಬಂದರು. ಬೇರೆ ಯಾರೂ ಒಪ್ಪಲಿಲ್ಲ. ಒಸರುವ ಚರ್ಮ ಮುಟ್ಟಬೇಕು, ಅದು ಸಾಲದೆಂಬಂತೆ ಬೈಗುಳವನ್ನೂ ಕೇಳಬೇಕು. ಚೆನ್ನಾಗಿದ್ದ ಬೆನ್ನಿನ ಮೇಲೆ ಬೇಕೆಂದೇ ಗುಳ್ಳೆ ಬರಿಸುವ ಕೆಲಸವಲ್ಲವೇ ಇದು. ಒಬ್ಬರಂತೂ ಪಟ್ಟಿ ಕಿತ್ತ ಕೂಡಲೇ ಕನ್ನಡಿಯಲ್ಲಿ ಬೆನ್ನು ನೋಡಿಕೊಂಡು, ನಿನ್ನ ಕೈ ಸೇದಿಹೋಗ ಎಂದು ಶಪಿಸಿ ಹೋಗಿದ್ದರಂತೆ. “ಅವರ ಶಾಪವೇ ತಟ್ಟಿತೋ ಏನೋ,” ಎಂದು ಕೈಗಳನ್ನು ಮುಂದೆ ಚಾಚಿ ತೋರಿಸುತ್ತಾರೆ. ನಗಬೇಕೆಂದು ಹೇಳಿದ ಮಾತು. ಇಬ್ಬರಿಗೂ ನಗು ಬರಲಿಲ್ಲ.

ಹೊರಗಿನವರ ಬೈಗುಳ ಆಸ್ಪತ್ರೆಯ ಬಾಗಿಲಲ್ಲೇ ಉಳಿಯುತ್ತಿತ್ತು. ಮನೆಯದು ಹಾಗಲ್ಲ. ಅತ್ತೆ ಬಟ್ಟೆಗೆ ಇಸ್ತ್ರಿ ಹಾಕುವ ಅಂಗಡಿಯಲ್ಲಿ ಜೀವಮಾನವಿಡೀ ದುಡಿದವರು. ಬಿಳಿ ಅಂಗಿಯ ಮೇಲೆ ಒಂದು ಗೆರೆ ಬಿದ್ದರೆ ಸಹಿಸದವರು. ಊರವರ ಹುಣ್ಣು ಮುಟ್ಟಿ ಬರುವ ಸೊಸೆಯನ್ನು ಸಹಿಸುವುದು ಅವರಿಗೆ ಆಗಲಿಲ್ಲ. ಸೊಸೆ ಮನೆಗೆ ಬಂದರೆ ಹಿತ್ತಲಿನಲ್ಲೇ ಕೈಕಾಲು ತೊಳೆದು ಬಟ್ಟೆ ಬದಲಿಸಿ ಒಳಗೆ ಬರಬೇಕು. ಆಕೆ ಬಡಿಸಿದ್ದನ್ನು ಅತ್ತೆ ಉಣ್ಣುತ್ತಿರಲಿಲ್ಲ, ತಾವೇ ಹಾಕಿಕೊಳ್ಳುತ್ತಿದ್ದರು. ಅವರ ಲೋಟವೇ ಬೇರೆ.

“‘ಊರ ತುರಿಕೆಯೆಲ್ಲಾ ಹೊತ್ಕೊಂಡು ಬಂದ್ಯಾ’ ಅಂತ ಕೇಳೋರು. ಹ್ಞೂಂ ಅತ್ತೆ, ನಿಮಗೂ ಒಂದಿಷ್ಟು ತಂದಿದೀನಿ ಅಂತ ನಾನೂ ಅಂದುಬಿಡ್ತಿದ್ದೆ. ಆಮೇಲೆ ವಾರಗಟ್ಟಲೆ ಮಾತಿಲ್ಲ ಕತೆಯಿಲ್ಲ.”

ಹಾಗೇ ಇಪ್ಪತ್ತು ವರ್ಷ ನಡೆಯಿತು. ಆಮೇಲೆ ಅತ್ತೆಯ ಕಣ್ಣು ಹೋಯಿತು. ಮೊದಲು ಒಂದು, ಮತ್ತೆ ಇನ್ನೊಂದು. ಕಣ್ಣಿಲ್ಲದಾದ ಮೇಲೂ ಅವರು ಗೋಡೆ ಹಿಡಿದು ನಡೆದರೇ ಹೊರತು ಸೊಸೆಯ ಕೈ ಹಿಡಿಯಲಿಲ್ಲ. ಒಂದು ಸಂಜೆ ಬಚ್ಚಲಿನ ಹೊಸ್ತಿಲಲ್ಲಿ ಎಡವಿದರು. ಸೊಸೆ ಓಡಿಹೋಗಿ ಕೈ ಕೊಟ್ಟರು. ಅತ್ತೆ ಆ ಕೈಯನ್ನು ಗಟ್ಟಿಯಾಗಿ ಹಿಡಿದು ಎದ್ದರು. ಎದ್ದ ಮೇಲೂ ಬಿಡಲಿಲ್ಲ. ಹೆಬ್ಬೆರಳಿನಿಂದ ಅಂಗೈಯನ್ನೆಲ್ಲ ಸವರಿ ನೋಡಿದರು.

“ಏನೇ ಇದು? ಒಡೆದ ಹೆಂಚಿನ ಹಾಗಿದೆ.”

“ತೊಳೆದೂ ತೊಳೆದೂ ಹಾಗಾಗಿದೆ ಅತ್ತೆ.”

“ನನ್ನ ಡಬ್ಬಿ ತಗೊಂಡು ಬಾ. ಇಲ್ಲಿ ಕೂತ್ಕೋ. ಕೈ ಕೊಡು.”

ಅದು ಇಸ್ತ್ರಿ ಅಂಗಡಿಯ ಕಾಲದ ತಗಡಿನ ಡಬ್ಬಿ. ಸುಟ್ಟ ಕೈಗೆ ಹಚ್ಚಲು ಪೇಟೆಯ ಒಂದು ಹಳೆಯ ಅಂಗಡಿಯಿಂದ ತುಂಬಿಸಿ ತರುತ್ತಿದ್ದ ಹಸಿರು ಮುಲಾಮು. ಅದರಲ್ಲಿ ಏನೇನಿದೆಯೆಂದು ಅಂಗಡಿಯವರು ಯಾರಿಗೂ ಹೇಳಿದವರಲ್ಲ. ಅವತ್ತಿನಿಂದ ದಿನಾ ಸಂಜೆ ಅತ್ತೆ ಸೊಸೆಯ ಕೈಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳಿಗೆ ಮುಲಾಮು ತಿಕ್ಕುತ್ತಿದ್ದರು. ತಿಕ್ಕುತ್ತಾ ಅಂಗಡಿಯ ಕತೆ, ತಮ್ಮ ಅತ್ತೆಯ ಕಾಟದ ಕತೆ, ಹಗಲು ಪಕ್ಕದ ಮನೆಯ ಹುಡುಗಿ ಪೇಪರ್ ಓದಿ ಹೇಳಿದ ಸುದ್ದಿ. ಬೇರೆ ಲೋಟ ಯಾವಾಗ ಮಾಯವಾಯಿತೋ ಇಬ್ಬರಿಗೂ ನೆನಪಿಲ್ಲ.

“ಆ ಮನೇಲಿ ನಂಗೆ ಸಂಸಾರ ಅಂತ ಶುರುವಾಗಿದ್ದೇ ಆಗ,” ಎನ್ನುತ್ತಾರೆ ಪಟ್ಟಿಯಕ್ಕ.

ಕೈಗಳು ಮಾತ್ರ ವಾಸಿಯಾಗಲಿಲ್ಲ. ಕೆಟ್ಟವು. ಕೆಟ್ಟಷ್ಟೂ ಅತ್ತೆ ಹೆಚ್ಚು ಹೆಚ್ಚು ತಿಕ್ಕಿದರು. ಕೊನೆಗೆ ಕೈಗವಸಿನೊಳಗೆ ರಕ್ತ ಕಂಡ ದಿನ ಡಾಕ್ಟರಮ್ಮ ಬಿಡಲಿಲ್ಲ. ನಿಮ್ಮ ಬೆನ್ನಿಗೇ ಪಟ್ಟಿ ಹಾಕೋಣ, ಮನೆಯಲ್ಲಿ ಹಚ್ಚುವುದೆಲ್ಲ ತನ್ನಿ ಎಂದರು. ಪಟ್ಟಿಯಕ್ಕ ಸೋಪು, ತಲೆಗೆ ಹಚ್ಚುವ ಎಣ್ಣೆ, ಆಸ್ಪತ್ರೆಯಲ್ಲೇ ಕೊಟ್ಟಿದ್ದ ಎರಡು ಟ್ಯೂಬು, ಒಂದು ಜೊತೆ ಕೈಗವಸು ತಂದರು. ತಾವು ಎಲ್ಲರನ್ನೂ ಕೂರಿಸುವ ಸ್ಟೂಲಿನ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಕುಳಿತರು.

“ಇಷ್ಟೇನಾ?” ಎಂದು ಡಾಕ್ಟರಮ್ಮ ಕೇಳಿದರು.

“ಇಷ್ಟೇ.”

ಡಾಕ್ಟರಮ್ಮನೂ ಅಂಗೈಯನ್ನು ಬೆನ್ನಿಗೆ ಒತ್ತಿ ಬಿಸಿ ಮಾಡಿಯೇ ಪಟ್ಟಿ ಅಂಟಿಸಿದರಂತೆ. ಅದನ್ನು ಹೇಳುವಾಗ ಪಟ್ಟಿಯಕ್ಕನ ದನಿ ತಗ್ಗುತ್ತದೆ. “ಅಷ್ಟು ಚೆನ್ನಾಗಿ ನೋಡ್ಕೊಂಡ್ರು. ಅವರಿಗೇ ಸುಳ್ಳು ಹೇಳಿದೆ.”

ಪಟ್ಟಿ ಕಿತ್ತಾಗ ಬೆನ್ನಿನ ಮೇಲೆ ಏನೂ ಇರಲಿಲ್ಲ. ಇನ್ನೆರಡು ದಿನ ಕಾದರೂ ಇಲ್ಲ. ಬೇರೆಯವರಾಗಿದ್ದರೆ ಸಂತೋಷಪಡಬೇಕಾದ ಸಂಗತಿ. ಆದರೆ ಕೈಗಳು ಕಣ್ಣೆದುರಿಗೇ ಒಸರುತ್ತಿದ್ದವು. ಮತ್ತೇನೂ ಸಿಗದಿದ್ದರೆ ಈ ಕೋಣೆಯಲ್ಲಿ ದಿನಾ ಮುಟ್ಟುವ ನೂರೆಂಟು ಔಷಧಿಗಳಲ್ಲೇ ಯಾವುದೋ ಇರಬೇಕು ಎಂದು ಡಾಕ್ಟರಮ್ಮ ಲೆಕ್ಕ ಹಾಕಿದರು. ಕೈ ಉಳಿಯಬೇಕಾದರೆ ಕೋಣೆ ಬಿಡಬೇಕು. ಒಗೆದ ಬಟ್ಟೆ ಮಡಿಸಿಡುವ ಕೋಣೆಗೆ ಹಾಕಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು.

ಇದೆಲ್ಲ ಆಗುತ್ತಿದ್ದ ದಿನಗಳಲ್ಲೇ ನಾನು ಅಲ್ಲಿಗೆ ಹೋಗುತ್ತಿದ್ದದ್ದು. ಒಂದು ಸಂಜೆ ರೋಗಿಗಳೆಲ್ಲ ಹೋದ ಮೇಲೆ ಪಟ್ಟಿಯಕ್ಕ ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದರು. ಚೀಲದಿಂದ ತಗಡಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದ ಕೂಡಲೇ ಕೋಣೆಯೆಲ್ಲ ಕರ್ಪೂರದ ಘಾಟು.

“ಡಬ್ಬಿ ಎಲ್ಲಿ ಅಂತ ಅತ್ತೆ ಹುಡುಕ್ತಿರ್ತಾರೆ,” ಎಂದರು.

ಡಬ್ಬಿಯನ್ನು ಮೇಜಿನ ಮೇಲೆ ಒಮ್ಮೆ ತಿರುಗಿಸಿದರು.

“ಇದರದ್ದೇ ಅಂತ ಆದ್ರೆ ಇಲ್ಲಿ ಉಳ್ಕೊಳ್ತೀನಿ. ಆದ್ರೆ ಅಲ್ಲಿ, ಮನೇಲಿ…” ಖಾಲಿ ಸ್ಟೂಲಿನ ಕಡೆ ತಿರುಗಿ, “ನಾಳೆ ಆ ಸ್ಟೂಲಿನ ಮೇಲೆ ಕೂರೋರಿಗೆ ‘ಇಷ್ಟೇನಾ’ ಅಂತ ಹೇಗಮ್ಮಾ ಕೇಳ್ಲಿ ನಾನು?” ಎಂದರು.

ಒಂದೇ ಒಂದು ತಟ್ಟೆಗೆ ಮೆಣಸಿನ ಕಾಳಿನಷ್ಟು ಹಸಿರು ಮುಲಾಮು ಹಾಕಿದರು. ತೋಳನ್ನು ತಮ್ಮ ಅಂಗೈಯಿಂದಲೇ ಒತ್ತಿ ಬಿಸಿ ಮಾಡಿಕೊಂಡು, ತಮಗೆ ತಾವೇ ಪಟ್ಟಿ ಅಂಟಿಸಿಕೊಂಡರು. ಡಬ್ಬಿಯ ಅಂಚು ಒರೆಸಿ, ಮುಚ್ಚಳ ಹಾಕಿ, ಅತ್ತೆಗೆ ಗೊತ್ತಾಗದ ಹಾಗೆ ಅದರ ಜಾಗದಲ್ಲಿ ಇಡಲು ಚೀಲಕ್ಕೆ ಹಾಕಿಕೊಂಡರು. ಆ ಎರಡು ಸಂಜೆಯೂ ತಲೆನೋವೆಂದು ಹೇಳಿ ಅತ್ತೆಯ ಮಡಿಲಿಗೆ ಕೈ ಕೊಡಲಿಲ್ಲವಂತೆ.

ಪಟ್ಟಿ ಕಿತ್ತಾಗ ತೋಳಿನ ಮೇಲೆ ಕೆಂಪು ವೃತ್ತ, ಅದರ ತುಂಬ ಸಣ್ಣ ಗುಳ್ಳೆ. ಪಟ್ಟಿಯಕ್ಕ ಮತ್ತೆ ತಂದಿದ್ದ ಡಬ್ಬಿಯನ್ನು ಡಾಕ್ಟರಮ್ಮ ಮೂಸಿ ನೋಡಿದರು, ಗದರಲಿಲ್ಲ. ಸುಳ್ಳಿನ ಮಾತೇ ಎತ್ತಲಿಲ್ಲ. “ಒಡೆದ ಚರ್ಮದೊಳಗೆ ದಿನಾ ಇಳೀತಾ ಇಳೀತಾ ಮೈ ಇದನ್ನ ಗುರುತಿಟ್ಟುಕೊಂಡುಬಿಟ್ಟಿದೆ. ಇನ್ನು ಯಾವತ್ತೂ ಮರೆಯಲ್ಲ. ಇದನ್ನ ಹಚ್ಚೋ ಹಾಗಿಲ್ಲ,” ಎಂದಷ್ಟೇ ಹೇಳಿದರು. ಬಟ್ಟೆಕೋಣೆಗೆ ವರ್ಗಾಯಿಸುವ ಮಾತು ಅಲ್ಲಿಗೇ ಮುಗಿಯಿತು.

ಅವತ್ತು ಸಂಜೆ ಅತ್ತೆಗೆ ಹೇಳಲೇಬೇಕಾಯಿತು. ಈ ಕೋಣೆಯಲ್ಲಿ ಅಷ್ಟೊಂದು ಜನಕ್ಕೆ ಹೇಳಿದ ಮಾತನ್ನೇ ಹೇಳಿದರು, ಅದೇ ಮೆತ್ತನೆಯ ದನಿಯಲ್ಲಿ: ತಪ್ಪು ಔಷಧಿಯದ್ದು, ಕೈಯದ್ದಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡರಂತೆ. ಆಮೇಲೆ ಡಬ್ಬಿಯನ್ನು ತಡವಿ ಹುಡುಕಿ, ತಾವೇ ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಕಸದ ಬುಟ್ಟಿಗೆ ಹಾಕಿ ಬಂದರು. ನಲ್ಲಿಯಲ್ಲಿ ತುಂಬ ಹೊತ್ತು ಕೈ ತೊಳೆದರು. ಬೇರೆ ಲೋಟ ಮತ್ತೆ ಬಂತು. ಈ ಸಲ ಅದನ್ನು ಕೇಳಿ ಇಸಿದುಕೊಂಡ ಕಾರಣ ಬೇರೆ: ನಾನು ಮುಟ್ಟಿದ್ದನ್ನು ನೀನು ಮುಟ್ಟಬೇಡ ಎಂದು.

ಮೊನ್ನೆ ನಾನು ಅವರ ಮನೆಗೆ ಹೋಗಿದ್ದೆ. ಎರಡು ಕೋಣೆ, ಒಂದು ಹಿತ್ತಲು, ಹಗ್ಗದ ಮೇಲೆ ಚೂರೂ ಸುಕ್ಕಿಲ್ಲದೆ ಒಣಗಿರುವ ಬಟ್ಟೆ. ಅತ್ತೆ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿದ್ದರು. ಎರಡೂ ಕೈಗಳು ಶಾಲಿನ ಒಳಗೆ. ಪಟ್ಟಿಯಕ್ಕ ಬಿಳಿಯ ಡಬ್ಬಿಯೊಂದನ್ನು ತಂದು ಅವರ ಪಕ್ಕದಲ್ಲಿ ಕುಳಿತರು. ಡಾಕ್ಟರಮ್ಮ ಕೊಟ್ಟಿರುವ ಬರೀ ಪೆಟ್ರೋಲಿಯಂ ಜೆಲ್ಲಿ, ವಾಸನೆ ಕೂಡ ಇಲ್ಲದ್ದು.

“ಅತ್ತೆ, ಇದನ್ನ ಹಚ್ಚಬಹುದಂತೆ. ಇದರಲ್ಲಿ ಏನೂ ಇಲ್ಲ.”

“ಏನೂ ಇಲ್ಲದ್ದನ್ನ ಯಾಕೆ ಹಚ್ಚಬೇಕು?”

“ಚರ್ಮ ಮೆತ್ತಗಾಗುತ್ತೆ.”

“ನಿಂಗೂ ಎರಡು ಕೈ ಇದಾವಲ್ಲ, ಹಚ್ಕೋ.”

“ಒಂದು ಕೈಗೆ ಇನ್ನೊಂದು ಕೈ ಹಚ್ಕೊಂಡ್ರೆ ನಿಮ್ಮ ಹಾಗೆ ಆಗಲ್ಲ.”

ಅತ್ತೆ ಮುಖವನ್ನು ನಾನಿದ್ದ ಕಡೆಗೆ ತಿರುಗಿಸಿದರು. “ನೋಡಿ, ನಾನು ಕಣ್ಣಿದ್ದಾಗ ಇವಳಿಗೆ ಕೊಟ್ಟ ಕಾಟ ಸಾಲದು ಅಂತ, ಕಣ್ಣು ಹೋದ ಮೇಲೆ ಕೈಯಲ್ಲೂ ಕೊಟ್ಟೆ,” ಎಂದರು. ಅಳಲಿಲ್ಲ. ನಾನು ಎರಡು ಸಮಾಧಾನದ ಮಾತು ಹೇಳಲು ನೋಡಿದೆ. ಅವರು ತಲೆಯಾಡಿಸಿದರು, ಕೇಳಿಸಿಕೊಂಡಂತೆ ಕಾಣಲಿಲ್ಲ. ಹೊರಡುವಾಗ ಮಾತ್ರ, “ಚಪ್ಪಲಿ ಬಾಗಿಲ ಎಡಗಡೆ ಇದೆ, ಮೆಟ್ಟಿಲು ಒಂದು ಸಡಿಲ, ನೋಡ್ಕೊಂಡು ಇಳೀರಿ,” ಎಂದು ನನಗೆ ಎಚ್ಚರಿಕೆ ಹೇಳಿದರು.

ಪಟ್ಟಿಯಕ್ಕ ಬೀದಿಯ ತಿರುವಿನವರೆಗೆ ನನ್ನ ಜೊತೆ ಬಂದರು. ಕೈಗಳು ಈಗ ಬಹುಪಾಲು ವಾಸಿಯಾಗಿವೆ. ಬೆರಳ ಸಂದುಗಳಲ್ಲಿ ಹೊಸ ಚರ್ಮ ಬಂದಿದೆ, ತೆಳ್ಳಗೆ, ನಸುಗೆಂಪಾಗಿ. ನಾಳೆ ಮುಂಜಾನೆ ಮತ್ತೆ ಕಂಕುಳಲ್ಲಿ ಸಿರಿಂಜು ಇಟ್ಟುಕೊಂಡು ಕೂರುತ್ತಾರೆ. ಬೆನ್ನುಗಳು ಬರುತ್ತವೆ.

ಮನೆಯೊಳಗಿನ ವಿಷಯ, ಬರೆಯಲೋ ಬೇಡವೋ ಎಂದು ನಾನು ಕೇಳಿದೆ.

“ಬರೀರಿ ಅಮ್ಮಾ. ಪಕ್ಕದ ಮನೆ ಹುಡುಗಿ ಭಾನುವಾರ ಅತ್ತೆಗೆ ಪೇಪರ್ ಓದ್ತಾಳೆ, ಒಂದಕ್ಷರ ಬಿಡೋಕೆ ಬಿಡಲ್ಲ ಅವರು. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೊಳ್ತಾರೆ. ಪೇಪರ್‌ನಲ್ಲಿ ಬಂದಿದ್ದು ಅಂದ್ರೆ ನಂಬ್ತಾರೆ. ತಪ್ಪು ಕೈಯದ್ದಲ್ಲ ಅಂತ ಬರೀರಿ.”

ಬರೆದಿದ್ದೇನೆ.

ಇನ್ನೇನಾದರೂ ಸೇರಿಸಲೇ ಎಂದಾಗ ಪಟ್ಟಿಯಕ್ಕ ತಮ್ಮ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡರು.

“ಅತ್ತೆ ಮೊದಲಿನ ಹಾಗೆ ಗದರಿಸಿಯೇ ಕೇಳ್ಲಿ, ಪರವಾಗಿಲ್ಲ. ‘ಕೈ ಕೊಡು’ ಅಂತ ಒಂದ್ಸಲ ಅಂದ್ರೆ ಸಾಕು ನಂಗೆ. ಸಂಜೆ ಅವರ ಪಕ್ಕದಲ್ಲಿ ಕೂತಾಗ ಈ ಕೈಗಳನ್ನ ಎಲ್ಲಿ ಇಟ್ಕೋಬೇಕು ಅಂತಾನೇ ಗೊತ್ತಾಗಲ್ಲ.”